ಹಗಲು ನಿದ್ದೆಯ ಕಾಯಿಲೆ ಮತ್ತು ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ಕಾಯಿಲೆಗೆ ನಾರ್ಕೊಲೆಪ್ಸಿ ಎಂದು ಹೆಸರು. ಆ ಹೆಸರನ್ನು ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಬಹಳಷ್ಟು ಮನೆಗಳಲ್ಲಿ ಯಾರೂ ಕೇಳಿಲ್ಲ. ಕಾಯಿಲೆ ಮಾತ್ರ ಇದೆ. ಸುಮಾರು ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಹೆಸರು ಗೊತ್ತಿಲ್ಲದ ಕಡೆ ಅದಕ್ಕೆ ಬೇರೆ ಹೆಸರುಗಳು ಅಂಟಿಕೊಳ್ಳುತ್ತವೆ: ಮೈಗಳ್ಳಿ ಸೊಸೆ, ಕುಡುಕ ಗಂಡ, ಗಾಳಿ ಬಡಿದ ಹುಡುಗಿ. ನಿದ್ದೆಗಿಂತ ಹೆಚ್ಚಾಗಿ ಈ ಹೆಸರುಗಳೇ ಸಂಸಾರ ಮುರಿಯುತ್ತವೆ. ಮನೆಯವರು ಕೇಳುವ ಪ್ರಶ್ನೆಗಳನ್ನು, ಕೇಳಲು ನಾಚಿಕೊಳ್ಳುವವನ್ನೂ ಸೇರಿಸಿ, ಇಲ್ಲಿ ಕೊಟ್ಟಿದ್ದೇವೆ.

ನಮ್ಮ ಸೊಸೆ ಯಾವಾಗ ನೋಡಿದರೂ ತೂಕಡಿಸುತ್ತಾಳೆ. ಇದು ಕಾಯಿಲೆ ಅಂತ ಹೇಗೆ ತಿಳಿಯಬೇಕು?

ಮೈಗಳ್ಳತನ ಇದ್ದವರು ಬೇಡದ ಕೆಲಸ ಬಂದಾಗ ತಪ್ಪಿಸಿಕೊಳ್ಳುತ್ತಾರೆ, ಇಷ್ಟದ ಹೊತ್ತಿಗೆ ಚುರುಕಾಗಿರುತ್ತಾರೆ. ಈ ಕಾಯಿಲೆ ಇದ್ದವರು ಇಷ್ಟದ ಹೊತ್ತಿನಲ್ಲೂ ಮಲಗಿಬಿಡುತ್ತಾರೆ. ಸ್ವಂತ ಮಗುವಿನ ತೊಟ್ಟಿಲ ಕಾರ್ಯದಲ್ಲಿ, ತವರಿನಿಂದ ತಮ್ಮ ಬಂದು ಎದುರಿಗೆ ಕೂತು ಮಾತಾಡುವಾಗ, ಉಣ್ಣುವಾಗ ತುತ್ತು ಕೈಯಲ್ಲಿರುವಂತೆಯೇ ಕಣ್ಣು ಮುಚ್ಚುತ್ತವೆ. ರಾತ್ರಿ ಏಳೆಂಟು ತಾಸು ಮಲಗಿದ್ದರೂ ಹೀಗಾಗುತ್ತದೆ. ಹತ್ತು-ಇಪ್ಪತ್ತು ನಿಮಿಷ ಮಲಗಿ ಎದ್ದರೆ ಮುಖ ತೊಳೆದಷ್ಟು ಹಗುರ. ಎರಡು-ಮೂರು ತಾಸಿಗೆ ಮತ್ತೆ ಅದೇ ಮಂಪರು. ಮೂರು ತಿಂಗಳಿಗೂ ಹೆಚ್ಚು ಕಾಲ ಬಹುತೇಕ ದಿನವೂ ಹೀಗಿದ್ದರೆ ತೋರಿಸಲೇಬೇಕು.

ಇನ್ನೊಂದು ಗುರುತು ಅಡುಗೆಮನೆಯಲ್ಲಿ ಸಿಗುತ್ತದೆ. ರೊಟ್ಟಿ ಬಡಿಯುತ್ತಿರುವ ಕೈ ಬಡಿಯುತ್ತಲೇ ಇರುತ್ತದೆ. ಆದರೆ ತಾಳ ತಪ್ಪಿರುತ್ತದೆ, ರೊಟ್ಟಿ ಒಂದು ಕಡೆ ತೆಳ್ಳಗಾಗಿ ಹರಿದಿರುತ್ತದೆ, ಹಂಚಿನ ಮೇಲಿನದು ಕಪ್ಪಾಗಿ ಹೊಗೆ ಎದ್ದರೂ ಆಕೆ ತಿರುಗಿ ನೋಡುವುದಿಲ್ಲ. ಕಣ್ಣು ಅರ್ಧ ತೆರೆದೇ ಇರುತ್ತದೆ. "ಏನಾತು?" ಎಂದರೆ ಬೆಚ್ಚಿಬಿದ್ದು ನೋಡುತ್ತಾಳೆ; ಕಳೆದ ಎರಡು ನಿಮಿಷ ಆಕೆಯ ನೆನಪಿನಲ್ಲಿ ಇರುವುದೇ ಇಲ್ಲ. ಸಾರಿಗೆ ಎರಡು ಸಲ ಉಪ್ಪು ಬೀಳುವುದು, ಮೊಬೈಲ್ ಹಿಟ್ಟಿನ ಡಬ್ಬಿಯಲ್ಲಿ ಸಿಗುವುದು ಇದೇ ಜಾತಿಯದು. ಕೈ ಕೆಲಸ ಮಾಡುತ್ತಿರುತ್ತದೆ, ಮಿದುಳು ಮಲಗಿರುತ್ತದೆ.

ಯಾಕೆ ಬರುತ್ತದೆ? ಚಿಂತೆಯಿಂದಲೋ?

ಚಿಂತೆಯಿಂದ ಬರುವುದಿಲ್ಲ. ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ಸುಮಾರು ಎಪ್ಪತ್ತು ಸಾವಿರ ಜೀವಕೋಶಗಳು ಮಾತ್ರ ಹೈಪೋಕ್ರೆಟಿನ್ ಎಂಬ ರಾಸಾಯನಿಕ ತಯಾರಿಸುತ್ತವೆ. ಓರೆಕ್ಸಿನ್ ಎಂಬುದು ಅದರದೇ ಇನ್ನೊಂದು ಹೆಸರು. ನಮ್ಮನ್ನು ಎಚ್ಚರದಲ್ಲಿ ಹಿಡಿದಿಡುವುದು ಅದರ ಕೆಲಸ. 1998ರಲ್ಲಿ ಅದನ್ನು ಕಂಡುಹಿಡಿದ ಮೇಲೆಯೇ ಈ ಕಾಯಿಲೆಯ ಮೂಲ ಸ್ಪಷ್ಟವಾಯಿತು: ಕ್ಯಾಟಪ್ಲೆಕ್ಸಿ (ನಗು, ಖುಷಿ ಬಂದಾಗ ಮೈ ಸಡಿಲಾಗಿ ಕುಸಿಯುವುದು) ಜೊತೆಗಿರುವ ನಾರ್ಕೊಲೆಪ್ಸಿಯಲ್ಲಿ ಆ ಕೋಶಗಳು ಬಹುತೇಕ ನಾಶವಾಗಿರುತ್ತವೆ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಅವುಗಳ ಮೇಲೆ ಎರಗುತ್ತದೆ ಎಂಬುದಕ್ಕೆ ಬಲವಾದ ಆಧಾರಗಳಿವೆ. ಆ ರಾಸಾಯನಿಕ ಇಲ್ಲದೆ ಹೋದರೆ ನಿದ್ದೆ ಮತ್ತು ಎಚ್ಚರದ ನಡುವಿನ ಬಾಗಿಲಿಗೆ ಚಿಲಕ ಇಲ್ಲದಂತೆ. ಹಗಲಲ್ಲಿ ನಿದ್ದೆ ಒಳಗೆ ಬರುತ್ತದೆ. ರಾತ್ರಿ ಎಚ್ಚರ ಒಳಗೆ ಬರುತ್ತದೆ. ಅದಕ್ಕೇ ಈ ರೋಗಿಗಳಿಗೆ ರಾತ್ರಿ ನಿದ್ದೆಯೂ ತುಂಡು ತುಂಡು.

ಸಾಮಾನ್ಯವಾಗಿ ಶುರುವಾಗುವುದು ಹದಿನೈದರ ಆಸುಪಾಸಿನಲ್ಲಿ, ಇಲ್ಲವೇ ಮೂವತ್ತೈದರ ಹತ್ತಿರ. ನಮ್ಮ ಕಡೆ ಮದುವೆಯಾಗುವ ಹೊತ್ತಿಗೆ ಕಾಯಿಲೆ ಹಲವರಲ್ಲಿ ಆಗಲೇ ಇರುತ್ತದೆ, ಹೆಸರು ಮಾತ್ರ ಇಟ್ಟಿರುವುದಿಲ್ಲ.

ನೇರ ನರರೋಗ ತಜ್ಞರ ಹತ್ತಿರ ಹೋಗಬೇಕೇ?

ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಸುಲಭವಾದವನ್ನು ಮುಗಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ. ಈ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ, ಅದೂ ಸುಸ್ತು ಮಾಡುತ್ತದೆ. ಆದರೆ ಸುಸ್ತು ಬೇರೆ, ನಿದ್ದೆ ಬೇರೆ: ಸುಸ್ತಾದವರು ಕೂತುಕೊಳ್ಳಬೇಕು ಅನ್ನುತ್ತಾರೆ, ಕಣ್ಣು ಮುಚ್ಚಿದರೂ ನಿದ್ದೆ ಬರದೆ ಇರಬಹುದು. ನೆಗಡಿ-ಅಲರ್ಜಿಯ ಮಾತ್ರೆ ದಿನವೂ ನುಂಗುತ್ತಿದ್ದಾರೆಯೇ, ರಾತ್ರಿ ಪಾಳಿ ಇದೆಯೇ ನೋಡಿ. ಜೋರು ಗೊರಕೆ, ನಡುವೆ ಉಸಿರು ನಿಂತು ಗಕ್ಕನೆ ಎಳೆದುಕೊಳ್ಳುವುದು ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಹಗಲು ನಿದ್ದೆಗೆ ಅದು ನಾರ್ಕೊಲೆಪ್ಸಿಗಿಂತ ಎಷ್ಟೋ ಪಟ್ಟು ಸಾಮಾನ್ಯ ಕಾರಣ, ಚಿಕಿತ್ಸೆಯೂ ಬೇರೆ.

ಎಪ್‌ವರ್ತ್ ಪಟ್ಟಿ ಎಂಬ ಸಣ್ಣ ಪರೀಕ್ಷೆ ಇದೆ. ಓದುವಾಗ, ಟಿವಿ ನೋಡುವಾಗ, ಬಸ್ಸಿನಲ್ಲಿ ಒಂದು ತಾಸು ಕೂತಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಯಾರ ಜೊತೆಗೋ ಮಾತಾಡುವಾಗ, ಹೀಗೆ ಎಂಟು ಸಂದರ್ಭಗಳಿಗೆ ತೂಕಡಿಕೆ ಎಷ್ಟು ಎಂದು 0ರಿಂದ 3ರವರೆಗೆ ಅಂಕ. ಒಟ್ಟು 24ಕ್ಕೆ 10 ದಾಟಿದರೆ ಹೆಚ್ಚು ಎಂದರ್ಥ. ನಾರ್ಕೊಲೆಪ್ಸಿಯವರು ಹೆಚ್ಚಾಗಿ 15 ದಾಟಿರುತ್ತಾರೆ. ರೋಗಿ ಒಂದು ಸಲ, ಗಂಡ ಅಥವಾ ಹೆಂಡತಿ ಬೇರೆಯಾಗಿ ಇನ್ನೊಂದು ಸಲ ತುಂಬಲಿ. ರೋಗಿ ತನಗೆ ತಾನೇ ಅಂಕ ಕಡಿಮೆ ಕೊಟ್ಟುಕೊಳ್ಳುವುದು ಸಾಮಾನ್ಯ, ಯಾಕೆಂದರೆ ಎಚ್ಚರವಾಗಿರುವುದು ಅಂದರೆ ಹೇಗಿರುತ್ತದೆ ಎನ್ನುವುದೇ ಅವರಿಗೆ ಮರೆತಿರುತ್ತದೆ.

ಜೋರಾಗಿ ನಕ್ಕರೆ ಮೊಣಕಾಲು ಕುಸಿದು ಕೂತುಬಿಡುತ್ತಾರೆ. ಮೂರ್ಛೆ ರೋಗವೇ?

ಅದು ಕ್ಯಾಟಪ್ಲೆಕ್ಸಿ ಇರಬಹುದು. ನಗು ಬಂದಾಗ, ದಿಢೀರ್ ಖುಷಿಯಾದಾಗ, ಕೆಲವರಿಗೆ ಸಿಟ್ಟಿನಲ್ಲಿ, ಸ್ನಾಯುಗಳ ಬಿಗಿ ಒಮ್ಮೆಲೇ ಹೋಗುತ್ತದೆ. ಎಲ್ಲರೂ ನೆಲಕ್ಕೆ ಬೀಳುವುದಿಲ್ಲ. ದವಡೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕೈಯಲ್ಲಿನ ಲೋಟ ಜಾರುತ್ತದೆ, ಕತ್ತು ವಾಲುತ್ತದೆ. ಕೆಲವು ಸೆಕೆಂಡಿನಿಂದ ಎರಡು ನಿಮಿಷದ ಒಳಗೆ ಸರಿಯಾಗುತ್ತದೆ. ಮುಖ್ಯವಾದ ಗುರುತು ಇದು: ಎಚ್ಚರ ತಪ್ಪಿರುವುದಿಲ್ಲ. ಬಿದ್ದವರಿಗೆ ನೀವು ಆಡುವ ಪ್ರತಿ ಮಾತೂ ಕೇಳುತ್ತಿರುತ್ತದೆ, ಉತ್ತರ ಕೊಡಲು ಮಾತ್ರ ಆಗುವುದಿಲ್ಲ. "ನಾಟಕ ಮಾಡ್ತಾಳ" ಎಂದು ಆಗ ಆಡಿದ ಮಾತು ಆಕೆಯ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಮಾಡಬೇಕಾದ್ದು ಸ್ವಲ್ಪವೇ. ತಲೆ ನೆಲಕ್ಕೆ ಬಡಿಯದಂತೆ ಹಿಡಿದು ಮೆಲ್ಲಗೆ ಮಲಗಿಸಿ. ಒಲೆ, ನೀರು, ಮೆಟ್ಟಿಲು ಹತ್ತಿರವಿದ್ದರೆ ಸರಿಸಿ. ಬಾಯಿಗೆ ನೀರು ಹಾಕಬೇಡಿ, ಗಂಟಲ ಸ್ನಾಯುವೂ ಸಡಿಲವಾಗಿದ್ದು ಉಸಿರಿಗೆ ಸಿಕ್ಕಬಹುದು. ಕೈಗೆ ಕಬ್ಬಿಣ ಹಿಡಿಸುವುದು, ಚಪ್ಪಲಿ ಅಥವಾ ಉಳ್ಳಾಗಡ್ಡಿ ಮೂಸಿಸುವುದು ಬೇಡ. ಸುತ್ತ ನಿಂತವರನ್ನು ಚದುರಿಸಿ, "ನಾ ಇಲ್ಲೇ ಅದೀನಿ" ಎಂದು ಒಂದು ಮಾತು ಹೇಳಿ ಪಕ್ಕದಲ್ಲಿ ಕೂತರೆ ಸಾಕು. ಎಚ್ಚರ ತಪ್ಪಿದರೆ, ಕೈಕಾಲು ಸೆಳೆದರೆ, ನಾಲಿಗೆ ಕಚ್ಚಿಕೊಂಡರೆ, ಬಟ್ಟೆಯಲ್ಲಿ ಮೂತ್ರವಾದರೆ ಅದು ಮೂರ್ಛೆ ರೋಗವಿರಬಹುದು. ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ಪಕ್ಕದಲ್ಲಿ ಇನ್ನೊಬ್ಬರು ಇದ್ದರೆ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ತೆಗೆದಿಡಲಿ. ಡಾಕ್ಟರಿಗೆ ಹತ್ತು ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ರಾತ್ರಿ ಎದೆಯ ಮೇಲೆ ಯಾರೋ ಕೂತಂತಾಗಿ ಮೈ ಅಲುಗಾಡಿಸಲು ಬರುವುದಿಲ್ಲ, ಮೂಲೆಯಲ್ಲಿ ಯಾರೋ ನಿಂತಂತೆ ಕಾಣುತ್ತದೆ. ಮನೆಯವರು ಗಾಳಿ ಅನ್ನುತ್ತಾರೆ.

ಕನಸು ಬೀಳುವ ನಿದ್ದೆಯಲ್ಲಿ ನಮ್ಮ ಮೈ ಸ್ನಾಯುಗಳು ಸಡಿಲಾಗಿ ಅಲುಗದಂತಿರುತ್ತವೆ. ಕನಸಿನಲ್ಲಿ ಓಡಿದರೆ ಹಾಸಿಗೆಯಿಂದ ಎದ್ದು ಓಡಬಾರದೆಂದು ದೇಹ ಮಾಡಿಕೊಂಡ ಏರ್ಪಾಡು ಅದು. ನಾರ್ಕೊಲೆಪ್ಸಿಯಲ್ಲಿ ಕಣ್ಣು ತೆರೆದ ಮೇಲೂ ಆ ಸಡಿಲ ಮತ್ತು ಕನಸು ಎರಡೂ ಸ್ವಲ್ಪ ಹೊತ್ತು ಉಳಿಯುತ್ತವೆ. ಕಂಡದ್ದು ಸುಳ್ಳು ಎಂದು ವಾದಿಸಬೇಡಿ, ಅವರಿಗೆ ಅದು ನಿಜವಾಗಿಯೇ ಕಂಡಿರುತ್ತದೆ. ಪಕ್ಕದಲ್ಲಿ ಮಲಗಿದವರು ಮೈ ಮುಟ್ಟಿದರೆ ಅಥವಾ ಹೆಸರು ಕರೆದರೆ ಬಹಳ ಸಲ ತಕ್ಷಣ ಬಿಡುಗಡೆಯಾಗುತ್ತದೆ. ಇದು ಆರೋಗ್ಯವಂತರಿಗೂ ಆಗೊಮ್ಮೆ ಈಗೊಮ್ಮೆ ಆಗುವಂಥದ್ದೇ, ಪದೇ ಪದೇ ಆದರೆ ಮತ್ತು ಹಗಲು ನಿದ್ದೆ ಜೊತೆಗಿದ್ದರೆ ಮಾತ್ರ ಕಾಯಿಲೆಯ ಗುರುತು.

ದೇವರಿಗೆ ಹೋಗಿ ಕಾಯಿ ಒಡೆಸಿಕೊಂಡು ಬರುವುದಕ್ಕೆ ಯಾರದೂ ಅಡ್ಡಿಯಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಡಿ ಅಪರಾಧ. ಅದಕ್ಕಿಂತ ಮೊದಲು, ಅದು ಕಾಯಿಲೆ ಬಿದ್ದವಳ ಮೇಲೆ ಕೈ ಮಾಡುವುದು.

ಪರೀಕ್ಷೆ ಎಲ್ಲಿ, ಹೇಗೆ?

ಬಳ್ಳಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ಜನ ಈಗಲೂ ವಿಮ್ಸ್ ಎಂದೇ ಕರೆಯುತ್ತಾರೆ), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈ ಮೂರರಲ್ಲಿ ಯಾವುದು ಹತ್ತಿರವೋ ಅಲ್ಲಿ ಮೆಡಿಸಿನ್ ಅಥವಾ ಮನೋರೋಗ ವಿಭಾಗದಿಂದ ಶುರು ಮಾಡಿ, ಸೂಚನಾ ಪತ್ರ ಬರೆಸಿಕೊಳ್ಳಿ. ನಾರ್ಕೊಲೆಪ್ಸಿ ಖಚಿತಪಡಿಸುವ ಪರೀಕ್ಷೆಗೆ ಒಂದು ರಾತ್ರಿ ಮತ್ತು ಒಂದು ಪೂರ್ತಿ ಹಗಲು ಬೇಕು, ಅದಕ್ಕೆ ತಕ್ಕ ಲ್ಯಾಬ್ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದು ಆಗುತ್ತದೆ.

ರಾತ್ರಿ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ತಂತಿ ಅಂಟಿಸಿ ಮಲಗಿಸುತ್ತಾರೆ; ಕನಿಷ್ಠ ಆರು ತಾಸು ನಿದ್ದೆಯಾಗಬೇಕು. ಮರುದಿನ ಎರಡೆರಡು ತಾಸಿಗೆ ಒಂದರಂತೆ ನಾಲ್ಕೈದು ಸಲ ಕತ್ತಲ ಕೋಣೆಯಲ್ಲಿ ಮಲಗಲು ಹೇಳಿ, ಎಷ್ಟು ನಿಮಿಷಕ್ಕೆ ನಿದ್ದೆ ಹತ್ತಿತು ಎಂದು ಅಳೆಯುತ್ತಾರೆ. ಸರಾಸರಿ 8 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದು, ಎರಡು ಸಲವಾದರೂ 15 ನಿಮಿಷದೊಳಗೆ ಕನಸಿನ ನಿದ್ದೆಗೆ ಜಾರಿದರೆ ನಾರ್ಕೊಲೆಪ್ಸಿ ಎನ್ನಲು ಆಧಾರ.

ಇಲ್ಲಿ ನಮ್ಮ ಕಡೆಯವರು ಒಂದು ತಪ್ಪು ಮಾಡುತ್ತಾರೆ. ಹಂಪಿ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ರಾತ್ರಿಯೆಲ್ಲ ನಿಂತು ಬಂದು, ಅಂದೇ ಪರೀಕ್ಷೆಗೆ ಕೂಡುತ್ತಾರೆ. ನಿದ್ದೆಗೆಟ್ಟ ಯಾರನ್ನು ಮಲಗಿಸಿದರೂ ಐದು ನಿಮಿಷಕ್ಕೆ ನಿದ್ದೆ ಬರುತ್ತದೆ, ಫಲಿತಾಂಶ ಯಾವ ಕಡೆಗೂ ನಂಬುವಂತಿರುವುದಿಲ್ಲ. ಎರಡು ದಿನ ಮೊದಲೇ ಹೋಗಿ ಉಳಿದುಕೊಳ್ಳಿ. ಅದಕ್ಕೂ ಹಿಂದಿನ ಎರಡು ವಾರ ದಿನವೂ ಒಂದೇ ಹೊತ್ತಿಗೆ ಮಲಗಿ, ಏಳುವ-ಮಲಗುವ ವೇಳೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಖಿನ್ನತೆಯ ಮಾತ್ರೆಗಳು ಫಲಿತಾಂಶ ಕೆಡಿಸುತ್ತವೆ. ಸಾಮಾನ್ಯವಾಗಿ ಎರಡು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ, ಆದರೆ ಡಾಕ್ಟರು ಹೇಳದೆ ನೀವೇ ನಿಲ್ಲಿಸಬೇಡಿ. ಪರೀಕ್ಷೆಯ ದಿನ ಚಹಾ, ಕಾಫಿ, ಗುಟ್ಕಾ, ಬೀಡಿ ಯಾವುದೂ ಬೇಡ.

ಗಂಡ ಮೊದಲಿನಂತೆ ನಗುವುದಿಲ್ಲ, ಮಾತಾಡುವುದಿಲ್ಲ. ನನ್ನ ಮೇಲೆ ಪ್ರೀತಿ ಹೋಯಿತೇ?

ಸಂಸಾರಕ್ಕೆ ಬೀಳುವ ಅತ್ಯಂತ ಆಳದ ಏಟು ಇದು, ಯಾರೂ ಮುಂಚೆ ಹೇಳದ್ದು ಕೂಡ. ನಕ್ಕರೆ ಬೀಳುತ್ತೇನೆ ಎಂದು ಗೊತ್ತಾದ ಮನುಷ್ಯ ನಗುವುದನ್ನೇ ಕಡಿಮೆ ಮಾಡುತ್ತಾನೆ. ಗೆಳೆಯರ ಕಟ್ಟೆಗೆ ಹೋಗುವುದು ಬಿಡುತ್ತಾನೆ, ಮದುವೆ ಮನೆಗೆ ಹೋಗುವುದಿಲ್ಲ. ಮಗ ಓಡಿಬಂದು ತೊಡೆ ಏರಿದಾಗ ಮುಖ ಕಲ್ಲು ಮಾಡಿಕೊಂಡು ಕೂಡುತ್ತಾನೆ. ಹೆಂಡತಿ ಹೊಸ ಸೀರೆ ಉಟ್ಟು ಎದುರು ಬಂದರೆ ಖುಷಿಯನ್ನು ಒಳಗೇ ತಡೆಹಿಡಿಯುತ್ತಾನೆ, ಯಾಕೆಂದರೆ ಖುಷಿಯೇ ಅವನ ಮೊಣಕಾಲು ಕಸಿಯುತ್ತದೆ. ನೋಡುವವರಿಗೆ ಅದು ತಾತ್ಸಾರ.

ಇದಕ್ಕೆ ಎರಡು ದಾರಿ ಕೆಲಸ ಮಾಡುತ್ತವೆ. ಕ್ಯಾಟಪ್ಲೆಕ್ಸಿಗೆ ಬೇರೆಯೇ ಮಾತ್ರೆ ಇದೆ, ಕೇಳಿ ತೆಗೆದುಕೊಳ್ಳಿ. ಬೀಳುವುದು ಕಡಿಮೆಯಾದರೆ ನಗು ವಾಪಸ್ ಬರುತ್ತದೆ. ಎರಡನೆಯದು, ಮನೆಯೊಳಗೆ ಬೀಳಲು ಒಂದು ಜಾಗ ಮಾಡಿ. ದಿಂಬು ಒರಗಿಸಿದ ಚಾಪೆಯ ಮೇಲೆ ಕೂತು ನಗಲಿ, ಬಿದ್ದರೆ ಬೀಳಲಿ, ನಿಮಿಷದಲ್ಲಿ ಏಳುತ್ತಾನೆ. ಹೆಂಡತಿ-ಮಕ್ಕಳ ಮುಂದೆ ಬೀಳುವುದಕ್ಕೆ ನಾಚಿಕೆ ಹೋದ ದಿನ ಅರ್ಧ ದೂರ ಕರಗಿರುತ್ತದೆ.

ಗಂಡ-ಹೆಂಡಿರ ಸುಖಕ್ಕೆ ತೊಂದರೆ ಆಗುತ್ತದೆಯೇ?

ಆಗುತ್ತದೆ, ಮುಚ್ಚಿಡುವ ವಿಷಯ ಅಲ್ಲ. ಉತ್ಕಟ ಕ್ಷಣದಲ್ಲಿ ಕೆಲವರಿಗೆ ಮೈ ಸಡಿಲಾಗುತ್ತದೆ, ಕೆಲವರು ನಡುವೆಯೇ ನಿದ್ದೆಗೆ ಜಾರುತ್ತಾರೆ. ಜೊತೆಯವರು ಅವಮಾನ ಎಂದುಕೊಳ್ಳುತ್ತಾರೆ. ಕ್ಯಾಟಪ್ಲೆಕ್ಸಿಗೆ ಕೊಡುವ ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಗಳು ಆಸೆಯನ್ನು ಕುಗ್ಗಿಸಬಹುದು, ಸ್ಖಲನವನ್ನು ತಡಮಾಡಬಹುದು. ಹಾಗಾದರೆ ಡಾಕ್ಟರಿಗೆ ನೇರವಾಗಿ ಹೇಳಿ, ಪ್ರಮಾಣ ಅಥವಾ ಮಾತ್ರೆ ಬದಲಿಸಲು ಬರುತ್ತದೆ. ಕೂಡು ಕುಟುಂಬದಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾತ್ರ ಏಕಾಂತ, ಆದರೆ ಈ ರೋಗಿಗೆ ರಾತ್ರಿ ಹತ್ತು ಗಂಟೆಯೆಂದರೆ ದಿನದ ಅತ್ಯಂತ ಸೋತ ಹೊತ್ತು. ಮಧ್ಯಾಹ್ನದ ನಿದ್ದೆಯಾದ ಮೇಲೆ ಅಥವಾ ನಸುಕಿನಲ್ಲಿ ಇಬ್ಬರಿಗೂ ಹೊತ್ತು ಸಿಗುವಂತೆ ಮಾಡಿಕೊಳ್ಳಿ. ರಾತ್ರಿ ಕನಸಿನಲ್ಲಿ ಒದೆಯುವುದು, ಕೈ ಬೀಸುವುದು ಇದ್ದರೆ ನಡುವೆ ದಿಂಬು ಇರಲಿ ಅಥವಾ ಹಾಸಿಗೆ ಬೇರೆ ಇರಲಿ. ಹಾಸಿಗೆ ಬೇರೆ ಮಾಡಿದರೆ ಸಂಸಾರ ಬೇರೆ ಆಯಿತು ಎಂದು ನೆರೆಯವರು ಆಡಿಕೊಂಡರೆ ಆಡಿಕೊಳ್ಳಲಿ.

ಮದುವೆಗೆ ಮುಂಚೆ ಹೇಳಬೇಕೇ? ಹೇಳಿದರೆ ಸಂಬಂಧ ತಪ್ಪುತ್ತದೆ.

ಹೇಳಬೇಕು, ಮಾತುಕತೆ ನಿಶ್ಚಯಕ್ಕೆ ಬರುವ ಮುಂಚೆ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮೊದಲ ವಾರದಲ್ಲೇ ಗೊತ್ತಾಗುತ್ತದೆ, ಆಮೇಲೆ ಕಾಯಿಲೆಗಿಂತ ಮೋಸದ ಮಾತೇ ದೊಡ್ಡದಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಲ್ಲಿ ಮುಖ್ಯ ಸಂಗತಿ ಮುಚ್ಚಿಟ್ಟು ಒಪ್ಪಿಗೆ ಪಡೆದದ್ದನ್ನು ಮದುವೆ ರದ್ದತಿಗೆ ಕಾರಣವಾಗಿ ಎತ್ತಲು ಅವಕಾಶವಿದೆ.

ಹೇಳುವ ರೀತಿ ಬಹಳ ಮುಖ್ಯ. ಹಿರಿಯರ ನಡುವೆ ಪಿಸುಮಾತಿನಲ್ಲಿ ಬೇಡ, ಹುಡುಗ-ಹುಡುಗಿ ಇಬ್ಬರೇ ಕೂತು ಮಾತಾಡುವಾಗ, ಹೀಗೆ: "ನನಗ ನಿದ್ದಿ ಕಾಯಿಲೆ ಐತ್ರಿ, ಮಾತ್ರಿ ತೊಗೋತೀನಿ. ದಿನಕ್ಕ ಎರಡು ಸಲ ಇಪ್ಪತ್ತು ನಿಮಿಷ ಮಲಗಬೇಕಾಗ್ತದ. ಹುಚ್ಚು ಅಲ್ಲ, ಅಂಟೂದಿಲ್ಲ. ಡಾಕ್ಟರ ಚೀಟಿ ತೋರಸ್ತೀನಿ." ಇಷ್ಟು ಸಾಕು. ಇದನ್ನು ಕೇಳಿ ಎದ್ದು ಹೋದವರು, ಮುಚ್ಚಿಟ್ಟಿದ್ದರೆ ಮದುವೆಯಾಗಿ ಆರು ತಿಂಗಳಿಗೆ ತವರಿಗೆ ಕಳಿಸುತ್ತಿದ್ದವರು.

ಮನೆಯ ದಿನಚರಿ ಹೇಗಿರಬೇಕು?

ಮಾತ್ರೆ ಮಾಡುವಷ್ಟೇ ಕೆಲಸವನ್ನು ದಿನಚರಿಯೂ ಮಾಡುತ್ತದೆ. ಹಗಲಿನ ಸಣ್ಣ ನಿದ್ದೆಯನ್ನು ಕದ್ದು ಮಲಗುವ ಗತಿ ಬರಬಾರದು, ಊಟದ ಹಾಗೆ ಅದಕ್ಕೂ ಹೊತ್ತು ಗೊತ್ತಿರಬೇಕು. ಹೀಗೆ ಇಟ್ಟುಕೊಳ್ಳಬಹುದು:

ಬೆಳಿಗ್ಗೆ 6ಕ್ಕೆ ಎದ್ದ ಕೂಡಲೇ ಮಾತ್ರೆ. ಹಗಲು ಎಚ್ಚರಕ್ಕೆ ಕೊಡುವ ಮೊಡಾಫಿನಿಲ್ ಆದರೆ ಅದರ ಬಲ ನುಂಗಿದ 2ರಿಂದ 4 ತಾಸಿನೊಳಗೆ ಏರುತ್ತದೆ, ಹಾಗಾಗಿ ರೊಟ್ಟಿ, ಒಗ್ಗರಣೆ, ಲೆಕ್ಕಪತ್ರ, ಮಗುವಿಗೆ ನೀರು ಹಾಕುವಂಥ ಎಚ್ಚರ ಬೇಕಾದ ಕೆಲಸ 8ರಿಂದ 10ರ ನಡುವೆ ಇರಲಿ. ನಸುಕಿನ ಐದಕ್ಕೆ ಒಲೆ ಹಚ್ಚುವ ಸರದಿ ಆಕೆಗೆ ಬೇಡ. ಆ ಹೊತ್ತನ್ನು ಅತ್ತೆಯೋ ನೆಗೆಣ್ಣಿಯೋ ನೋಡಿಕೊಂಡು, ಪ್ರತಿಯಾಗಿ ಸಂಜೆಯ ಕಸ-ಮುಸುರೆ ಆಕೆ ನೋಡಿಕೊಳ್ಳಲಿ. 11ರ ಸುಮಾರಿಗೆ 15-20 ನಿಮಿಷ ಮೊದಲ ನಿದ್ದೆ. ಮಧ್ಯಾಹ್ನದ ಊಟದ ಮೇಲೆ, ಎರಡೂವರೆಯ ಹೊತ್ತಿಗೆ ಎರಡನೆಯದು. ಅಲಾರಾಂ ಇಡಿ, ಅರ್ಧ ತಾಸು ದಾಟಿದರೆ ಎದ್ದ ಮೇಲೆ ತಲೆ ಭಾರವಾಗುತ್ತದೆ. ರಾತ್ರಿ 10ಕ್ಕೆ ಹಾಸಿಗೆ, ರಜೆ ಇರಲಿ ಜಾತ್ರೆ ಇರಲಿ.

ಮಧ್ಯಾಹ್ನ ತಟ್ಟೆ ತುಂಬ ಅನ್ನ ಉಂಡರೆ ಮಂಪರು ಹೆಚ್ಚುತ್ತದೆ. ಗಂಗಾವತಿ, ಸಿಂಧನೂರು ಕಡೆ ಭತ್ತದ ಸೀಮೆಯವರಿಗೆ ಇದು ಕಷ್ಟದ ಮಾತು; ಅನ್ನ ಅರ್ಧ ಮಾಡಿ ರೊಟ್ಟಿ, ಬೇಳೆ, ಮೊಟ್ಟೆ, ಸೊಪ್ಪು ಹೆಚ್ಚಿಸಿ. ಸಾರಾಯಿ ಕೂಡದು. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಕಾದ ಗೋಡೆಗಳ ನಡುವೆ ರಾತ್ರಿ ನಿದ್ದೆ ಇನ್ನಷ್ಟು ಒಡೆಯುತ್ತದೆ. ಮಾಳಿಗೆ ಮೇಲೆ ಮಲಗುವ ರೂಢಿ ಇದ್ದರೆ ಕೈಪಿಡಿ ಗೋಡೆ ಇರುವ ಕಡೆ ಮಾತ್ರ, ಅಂಚಿನಿಂದ ದೂರ, ಮೆಟ್ಟಿಲ ಬಾಯಿಗೆ ಅಡ್ಡ ಇಟ್ಟು. ಅರೆನಿದ್ದೆಯಲ್ಲಿ ಎದ್ದು ನಡೆಯುವವರು ಇವರಲ್ಲಿದ್ದಾರೆ.

ಮಾತ್ರೆಗಳ ಬಗ್ಗೆ ಏನು ಗೊತ್ತಿರಬೇಕು?

ಹಗಲು ಎಚ್ಚರಕ್ಕೆ ಹೆಚ್ಚಾಗಿ ಮೊದಲು ಕೊಡುವುದು ಮೊಡಾಫಿನಿಲ್, 100ರಿಂದ 200 ಮಿ.ಗ್ರಾಂನಲ್ಲಿ ಶುರು. ಮಧ್ಯಾಹ್ನದ ನಂತರ ನುಂಗಿದರೆ ರಾತ್ರಿ ನಿದ್ದೆ ಹಾಳು. ತಲೆನೋವು ಮೊದಲ ವಾರಗಳಲ್ಲಿ ಸಾಮಾನ್ಯ, ನೀರು ಹೆಚ್ಚು ಕುಡಿಯಿರಿ. ಮೈಮೇಲೆ ಗುಳ್ಳೆ, ಬಾಯಿಹುಣ್ಣು ಎದ್ದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಅಪರೂಪ, ಆದರೆ ಅಪಾಯಕಾರಿ.

ಮದುವೆಯಾದವರಿಗೆ ಯಾರೂ ಹೇಳದೆ ಬಿಡುವ ಸಂಗತಿ: ಮೊಡಾಫಿನಿಲ್ ನುಂಗುವಾಗ ಗರ್ಭನಿರೋಧಕ ಮಾತ್ರೆ ಪೂರ್ತಿ ಕೆಲಸ ಮಾಡುವುದಿಲ್ಲ. ಸರಕಾರಿ ಮಾಲಾ-ಎನ್ ಇರಲಿ, ಅಂಗಡಿಯದಿರಲಿ, 72 ತಾಸಿನ ಮಾತ್ರೆಯಿರಲಿ, ಅದೊಂದನ್ನೇ ನಂಬಬೇಡಿ. ಮೊಡಾಫಿನಿಲ್ ನಿಲ್ಲಿಸಿದ ಮೇಲೂ ಒಂದೆರಡು ತಿಂಗಳು ಇದೇ ಎಚ್ಚರ. ಕಾಪರ್-ಟಿ ಅಥವಾ ಕಾಂಡೋಮ್ ಬಳಸಿ.

ಕ್ಯಾಟಪ್ಲೆಕ್ಸಿಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬೀಳುವುದು ದಿನಕ್ಕೆ ಹತ್ತಾರು ಸಲ, ತಾಸುಗಟ್ಟಲೆ ಕೂಡ ಆಗಬಹುದು. ಊರಿಗೆ ಹೋಗುವಾಗ, ಸುಗ್ಗಿಯಲ್ಲಿ, ಸೀಮೆಗೆ ದುಡಿಯಲು ಗುಳೆ ಹೋಗುವಾಗ ಒಂದು ವಾರದ ಮಾತ್ರೆ ಹೆಚ್ಚಿಗೆ ಇರಲಿ. ಎಲ್ಲ ತಾಲ್ಲೂಕಿನ ಮೆಡಿಕಲ್ ಅಂಗಡಿಯಲ್ಲೂ ಇವು ಸಿಗುತ್ತವೆ ಎಂದು ನೆಚ್ಚಬೇಡಿ, ಹತ್ತು ದಿನ ಮುಂಚೆ ಹೇಳಿ ತರಿಸಿ.

ಬಸಿರಾಗಬಹುದೇ? ಮಗುವಿಗೆ ಬರುತ್ತದೆಯೇ?

ಆಗಬಹುದು. ಆದರೆ ಯೋಚಿಸಿ ಆಗಬೇಕು. ಮೊಡಾಫಿನಿಲ್ ಗರ್ಭದಲ್ಲಿನ ಕೂಸಿಗೆ ದೋಷ ತರುವ ಸಾಧ್ಯತೆ ಇರುವುದರಿಂದ ಮುಂಚೆಯೇ ಡಾಕ್ಟರ ಸಲಹೆಯಂತೆ ನಿಲ್ಲಿಸಬೇಕು. ಆ ತಿಂಗಳುಗಳಲ್ಲಿ ನಿದ್ದೆ ಹೆಚ್ಚುತ್ತದೆ. ಹಗಲಿಗೆ ಎರಡರ ಬದಲು ಮೂರು-ನಾಲ್ಕು ಸಲ ಮಲಗಲು ಬಿಡಬೇಕು. ತವರಿಗೆ ಬೇಗ ಕಳಿಸುವ ಪದ್ಧತಿ ಇಲ್ಲಿ ಒಳ್ಳೆಯದೇ ಮಾಡುತ್ತದೆ.

ಕ್ಯಾಟಪ್ಲೆಕ್ಸಿ ಇರುವ ನಾರ್ಕೊಲೆಪ್ಸಿಯಲ್ಲಿ ತಂದೆ-ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಒಂದೆರಡು. ಹೆಣ್ಣು ಕೊಡಲು, ತರಲು ಅಂಜಬೇಕಾದಷ್ಟು ಅಲ್ಲ.

ಕೂಸು ಹುಟ್ಟಿದ ಮೇಲಿನ ಎಚ್ಚರ ದೊಡ್ಡದು. ಹಾಲು ಕುಡಿಸುವಾಗ ಕಾಟಿನ ಮೇಲೆ ಅಥವಾ ಕುರ್ಚಿಯಲ್ಲಿ ಕೂತು ಕುಡಿಸಬೇಡಿ. ನೆಲದ ಮೇಲೆ ಗಟ್ಟಿ ಹಾಸಿಗೆಯಲ್ಲಿ, ಸುತ್ತ ಮೆತ್ತನೆ ದಿಂಬು-ರಗ್ಗು ಇಲ್ಲದೆ, ಪಕ್ಕದಲ್ಲಿ ಇನ್ನೊಬ್ಬರು ಕೂತಿರುವಾಗ ಕುಡಿಸಿ. ಕುಡಿಸಿದ ಕೂಡಲೇ ಆ ಇನ್ನೊಬ್ಬರು ಕೂಸನ್ನು ತೊಟ್ಟಿಲಿಗೆ ಹಾಕಲಿ. ಕಾಲ ಮೇಲೆ ಮಲಗಿಸಿ ಎರೆಯುವುದು ಅಜ್ಜಿಯ ಕೆಲಸವಾಗಿರಲಿ. ಕೂಸನ್ನು ಎತ್ತಿಕೊಂಡು ಮೆಟ್ಟಿಲು ಬೇಡ, ಕೂಸು ನಕ್ಕು ನಗಿಸಿದರೆ ಮೊಣಕಾಲು ಹೋಗುತ್ತದೆ. ರಾತ್ರಿಯ ಒಂದು ಪಾಳಿಯನ್ನು ಗಂಡ ಪೂರ್ತಿ ತಾನೇ ಹೊರಬೇಕು. ಮತ್ತೆ ಮಾತ್ರೆ ಶುರು ಮಾಡುವ ಮುಂಚೆ ಎದೆಹಾಲಿನ ವಿಷಯ ಡಾಕ್ಟರನ್ನು ಕೇಳಿ.

ಗಾಡಿ, ಗಿರಣಿ, ಕಾಲುವೆ?

ಮಾತ್ರೆಯಿಂದ ನಿದ್ದೆ ಹಿಡಿತಕ್ಕೆ ಬಂದಿದೆ ಎಂದು ಡಾಕ್ಟರು ಹೇಳುವ ತನಕ ಬೈಕ್, ಟ್ರ್ಯಾಕ್ಟರ್ ಮುಟ್ಟಬೇಡಿ. ಹೊಸಪೇಟೆ-ಕೊಪ್ಪಳದಂಥ ಉದ್ದ ನೇರ ಹೆದ್ದಾರಿ ಊರೊಳಗಿನ ತಿರುವುಗಳಿಗಿಂತ ಹೆಚ್ಚು ಅಪಾಯ, ಬೇಸರವೇ ನಿದ್ದೆ ತರುತ್ತದೆ. ಲೈಸೆನ್ಸಿನ ಫಾರ್ಮ್ 1ರಲ್ಲಿ ಹಠಾತ್ತನೆ ಎಚ್ಚರ ತಪ್ಪುವ ತೊಂದರೆ ಇದೆಯೇ ಎಂಬ ಪ್ರಶ್ನೆ ಇದೆ, ಸುಳ್ಳು ಬರೆಯಬೇಡಿ. ರೈಸ್ ಮಿಲ್ಲಿನ ಬೆಲ್ಟ್, ಹತ್ತಿ ಜಿನ್ನಿಂಗ್, ಕಟಾವು ಯಂತ್ರ, ಗಣಿಯ ಟಿಪ್ಪರ್, ಎತ್ತರದ ಕೆಲಸ ಇವೆಲ್ಲ ಬೇಡ. ತುಂಗಭದ್ರಾ ಕಾಲುವೆಯಲ್ಲಿ ಬಟ್ಟೆ ಒಗೆಯಲು, ಈಜಲು ಒಬ್ಬರೇ ಹೋಗಬಾರದು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ಪಾಳಿ ಕೆಲಸದಲ್ಲಿರುವವರು ಡಾಕ್ಟರ ಪತ್ರ ಕೊಟ್ಟು ಕಾಯಂ ಹಗಲು ಪಾಳಿ ಕೇಳಿ. ವಾರಕ್ಕೊಮ್ಮೆ ಬದಲಾಗುವ ಪಾಳಿಯಲ್ಲಿ ಯಾವ ಮಾತ್ರೆಯೂ ಸರಿಯಾಗಿ ಹಿಡಿಯುವುದಿಲ್ಲ. ಪತ್ರದಲ್ಲಿ ಕಾಯಿಲೆಯ ಹೆಸರಿನ ಜೊತೆ "ಮಧ್ಯಾಹ್ನ 20 ನಿಮಿಷ ವಿಶ್ರಾಂತಿ ಬೇಕು" ಎಂದು ಸ್ಪಷ್ಟವಾಗಿ ಬರೆಸಿ. ಮೇಲ್ವಿಚಾರಕರಿಗೆ ಕೊಡಲು ಬರುವುದು ಅಂಥ ಅಳತೆ ಇರುವ ಬೇಡಿಕೆಯನ್ನು ಮಾತ್ರ.

ಪೂರ್ತಿ ವಾಸಿಯಾಗುತ್ತದೆಯೇ?

ಸದ್ಯಕ್ಕೆ ಇಲ್ಲ. ಹಿಡಿತಕ್ಕೆ ಬರುತ್ತದೆ. ಪ್ರಾಣ ತೆಗೆಯುವ ಕಾಯಿಲೆಯೂ ಅಲ್ಲ, ಅಪಘಾತಗಳು ತೆಗೆಯುತ್ತವೆ.

ರೋಗಿಗೆ ಎಲ್ಲರೂ ಕನಿಕರ ತೋರುತ್ತಾರೆ. ಅವರ ಜೊತೆ ಬದುಕುವ ನನಗೆ ಸಾಕಾಗಿದೆ.

ಸಾಕಾಗುವುದು ಸಹಜ, ತಪ್ಪಲ್ಲ. ಎರಡು ಜನರ ಕೆಲಸ ಒಬ್ಬರೇ ಹೊತ್ತು, ರಾತ್ರಿ ಕಾವಲಿದ್ದು, ಊರವರಿಗೆ ಉತ್ತರ ಕೊಟ್ಟು ದಣಿದವರು ನೀವು. ರೋಗಿಯ ನಿದ್ದೆಯ ಲೆಕ್ಕ ಬರೆಯುವ ಆ ನೋಟ್‌ಬುಕ್ಕಿನಲ್ಲೇ ನಿಮ್ಮ ನಿದ್ದೆಯ ಲೆಕ್ಕವನ್ನೂ ಬರೆಯಿರಿ. ವಾರದಲ್ಲಿ ಮೂರು ರಾತ್ರಿ ಆರು ತಾಸಿಗಿಂತ ಕಡಿಮೆ ಇದ್ದರೆ ಮನೆಯಲ್ಲಿ ಇನ್ನೊಬ್ಬರು ಸರದಿ ಹಿಡಿಯಲೇಬೇಕು.

ಮಾತಾಡಬೇಕು ಅನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಹಗಲು-ರಾತ್ರಿ, ಕನ್ನಡದಲ್ಲಿ, ದುಡ್ಡಿಲ್ಲದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕರನ್ನು ಜಿಲ್ಲಾ ಮಟ್ಟದಲ್ಲಿ ಕಾಣಬಹುದು. 1980ರ ದಶಕದಲ್ಲಿ ನಿಮ್ಹಾನ್ಸ್ ಆ ಕಾರ್ಯಕ್ರಮದ ಪ್ರಯೋಗ ಮಾಡಿದ್ದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಹೋದದ್ದು ಇಲ್ಲಿನ ಮಾದರಿಯೇ. ಕೇಳಿ ಪಡೆಯುವ ಹಕ್ಕು ಈ ಸೀಮೆಯವರಿಗೆ ಇದೆ. ಹೋಗುವಾಗ ಗಂಡ-ಹೆಂಡತಿ ಇಬ್ಬರೂ ಹೋಗಿ, ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು. "ಇದು ಕಾಯಿಲೆ ಐತಿ ಅಮ್ಮಾ, ಹುಡುಗಿ ತಪ್ಪಲ್ಲ" ಎಂಬ ಮಾತು ಮಗನ ಬಾಯಿಂದ ನೂರು ಸಲ ಕೇಳಿಯೂ ನಂಬದವರು ಬಿಳಿ ಕೋಟು ಹಾಕಿದವರ ಬಾಯಿಂದ ಒಂದು ಸಲ ಕೇಳಿ ನಂಬುತ್ತಾರೆ. ನೋಟ್‌ಬುಕ್, ವಿಡಿಯೊ ಇರುವ ಮೊಬೈಲ್, ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳು, ಆಧಾರ್ ಮತ್ತು ರೇಷನ್ ಕಾರ್ಡ್ ಒಂದೇ ಚೀಲದಲ್ಲಿರಲಿ. ಸರದಿಗೆ ಕಾಯುವಾಗ ರೋಗಿಗೆ ನಿದ್ದೆ ಬಂದರೆ ಎಬ್ಬಿಸಬೇಡಿ, ಡಾಕ್ಟರು ಅದನ್ನೂ ನೋಡಲಿ.